ನನಗೆ ಸೂತಕ ಇಲ್ಲ

ಆಗಸ್ಟ್ 8, 2024, ಗುರುವಾರ

ಇವತ್ತಿಗೆ ಹನ್ನೊಂದು ದಿನ. ನನಗೆ ಸೂತಕ ಬರುವುದಿಲ್ಲ, ನಾನು ಅವಳಿಗೆ ಏನೂ ಆಗಬೇಕಿಲ್ಲ. ಪ್ರತಿ ಗುರುವಾರ ಸಂಜೆ ಐದಕ್ಕೆ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬಂದು ಮುಕ್ಕಾಲು ಗಂಟೆ ಮಾತಾಡಿ ಹೋಗುತ್ತಿದ್ದಳು, ಅಷ್ಟೆ. (ಅವಳ ಅಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ.) ಆ ಸೋಮವಾರ ಅವರು ಫೋನ್ ಮಾಡಿ "ಹೋಗ್ಬಿಟ್ಲು ಮೇಡಂ, ತಾನಾಗೇ" ಅಂದಾಗ ಜಯನಗರದ ನನ್ನ ಕ್ಲಿನಿಕ್ಕಿನ ಹೊರಗೆ ಹನ್ನೊಂದು ಗಂಟೆಯವರು ಆಗಲೇ ಬಂದು ಕೂತಿದ್ದರು. ಮುಖ ತೊಳೆದುಕೊಂಡು ಅವರನ್ನು ಒಳಗೆ ಕರೆದೆ. ಏನು ಮಾತಾಡಿದೆನೋ ನೆನಪಿಲ್ಲ. ಅವರನ್ನು ವಾಪಸ್ ಕಳಿಸಬೇಕಿತ್ತು.

ಆಮೇಲೆ ದಿನಾ ರಾತ್ರಿ ಅವಳ ಫೈಲ್ ಓದುವುದೇ ಕೆಲಸ. ಕೊನೆಯ ಸಲ "ನಿದ್ದೆ ಪರವಾಗಿಲ್ಲ" ಅಂದಿದ್ದಳು, ನಾನೂ ಹಾಗೇ ಬರೆದುಕೊಂಡಿದ್ದೆ, ಈಗ ಆ ಸಾಲೇ ಕಣ್ಣಿಗೆ ಚುಚ್ಚುತ್ತದೆ. ನನ್ನ ಕೆಲಸದಲ್ಲಿ ದಾರಿ ತೋರಿಸುವ ಹಿರಿಯರು, ಸೂಪರ್‌ವೈಸರ್ ಮೇಡಂ, "ಮುಚ್ಚಿಡಮ್ಮ ಅದನ್ನ. ಒಂದಕ್ಷರ ಸೇರಿಸಬೇಡ, ಅಳಿಸಬೇಡ. ಕೊನೆ ಗೊತ್ತಾದ ಮೇಲೆ ಓದಿದ್ರೆ ಎಲ್ಲಾ ಸಾಲೂ ಸೂಚನೆ ಥರಾನೇ ಕಾಣುತ್ತೆ" ಅಂದರು. ಆಮೇಲೆ ತಾವು ಹೀಗೇ ಕಳೆದುಕೊಂಡ ಒಬ್ಬರ ಬಗ್ಗೆ ಹೇಳಿದರು, ಹೆಸರು ಹೇಳದೆ. ಇಪ್ಪತ್ತು ವರ್ಷ ಆಯಿತಂತೆ. ಯೋಗ ಮಾಡಿ, ವಾಕಿಂಗ್ ಹೋಗಿ ಅನ್ನುವುದಕ್ಕಿಂತ ಅದು ಜಾಸ್ತಿ ಆಸರೆ ಆಯಿತು.

ಮೊನ್ನೆ ರಾತ್ರಿ ಎರಡು ಗಂಟೆಗೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರಲ್ಲಿ ಶುರುವಾದಾಗಿನಿಂದ ನಾನೇ ಎಷ್ಟೋ ಜನಕ್ಕೆ ಚೀಟಿಯಲ್ಲಿ ಬರೆದುಕೊಟ್ಟ ನಂಬರ್; ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು ಅಂತ ಹೇಳಿ ಕಳಿಸುತ್ತಿದ್ದೆ. ನಾನೂ ಇದೇ ಕೆಲಸದವಳು ಅನ್ನಲು ನಾಚಿಕೆ ಆಯಿತು. ಕೊನೆಗೆ ಹೇಳಿದೆ. ಆ ಕಡೆಯ ಹುಡುಗಿ ಒಂದು ಕ್ಷಣ ಸುಮ್ಮನಿದ್ದು "ಊಟ ಮಾಡಿದ್ರಾ ಮೇಡಂ?" ಅಂದಳು. ಮಾಡಿರಲಿಲ್ಲ.

ಅವಳ ಅಮ್ಮ ಕರೆದಿದ್ದರು, ಇವತ್ತು ತಿಥಿಗೆ ಹೋದೆ. ಅಡುಗೆ ಮನೆ ಬಾಗಿಲಲ್ಲಿ ಕೈ ಹಿಡಿದುಕೊಂಡು "ನನ್ ಬಗ್ಗೆ ಏನಾದ್ರೂ ಹೇಳ್ತಿದ್ಲಾ?" ಅಂದರು. ಅವಳ ಮಾತು ಅವಳದು, ಅವಳು ಹೋದ ಮಾತ್ರಕ್ಕೆ ನಾನು ಹಂಚುವ ಹಾಗಿಲ್ಲ. ಕೈ ಮಾತ್ರ ಬಿಡಲಿಲ್ಲ. ಊಟಕ್ಕೆ ಕೂತಾಗ ಪಕ್ಕದ ಎಲೆಯ ಅಜ್ಜಿ "ನೀವು ಅವ್ಳಿಗೆ ಏನಾಗ್ಬೇಕು?" ಅಂತ ಕೇಳಿದರು. "ಗೊತ್ತಿರೋರು" ಅಂದೆ.

ತಿಥಿ ಊಟ ಮಾಡಿ ಬಂದವರು ಸ್ನಾನ ಮಾಡುವುದಿಲ್ಲ, ಅದು ಸಾವಿನ ಮನೆಯಿಂದ ಬಂದವರಿಗೆ. ನಾನು ಸೀದಾ ಬಚ್ಚಲಿಗೆ ಹೋದೆ. ಗಂಡನಿಗೆ ನಾನೇನೂ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಹೊರಗಿನಿಂದ ಗೀಸರ್ ಆನ್ ಮಾಡಿದರು.