ಕಚ್ಚಿದ್ದು ಬಿಡದ ದವಡೆ

ನಮ್ಮ ಪುಟ್ಟ ಮ್ಯಾಗ್ನೆಟಿಕ್ ಫ್ರಿಜ್ ಕೈಕೊಟ್ಟ ದಿನ ಎಲ್ಲರಿಗೂ ಮೊದಲು ಅನುಮಾನ ಬಂದಿದ್ದು ಮ್ಯಾಗ್ನೆಟ್ ಮೇಲೆ. ದುಬಾರಿ ಸಾಮಾನು ಅದೇ ಅಲ್ವಾ.

ಕೆಲಸ ಇಷ್ಟೇ. ಕೂಲರ್ ಎಲ್ಲವನ್ನೂ 3 ಕೆಲ್ವಿನ್ ಹತ್ತಿರ, ಅಂದರೆ ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್‌ಗೆ, ತರುತ್ತದೆ. ಆಮೇಲೆ ಸಾಲ್ಟ್ ಪಿಲ್‌ಗೆ, ಅಂದರೆ ಫೆರಿಕ್ ಅಮೋನಿಯಂ ಆಲಂ ಹರಳು ತುಂಬಿದ ಡಬ್ಬಿಗೆ, ಕಾಂತಕ್ಷೇತ್ರ ಕೊಡಬೇಕು. ಪಿಲ್ ಬಿಸಿಯಾಗುತ್ತದೆ. ಆ ಬಿಸಿ ಹೀಟ್ ಸ್ವಿಚ್, ಅಂದರೆ ಬಿಸಿ ಹರಿಯುವ ದಾರಿಯನ್ನು ಬೇಕಾದಾಗ ಕೂಡಿಸಿ ಬಿಡಿಸುವ ಕೊಂಡಿ, ದಾಟಿ ಕೂಲರ್ ಸೇರುತ್ತದೆ. ಆಗ ಸ್ವಿಚ್ ಬಿಡಿಸಿ ಕ್ಷೇತ್ರ ಇಳಿಸಿದರೆ ಪಿಲ್ 0.1 ಕೆಲ್ವಿನ್‌ಗಿಂತಲೂ ಕೆಳಗೆ ತಣ್ಣಗಾಗುತ್ತದೆ. 1933ರಲ್ಲಿ ವಿಜ್ಞಾನಿಗಳಾದ ಜಿಯೋಕ್ ಮತ್ತು ಮ್ಯಾಕ್‌ಡೂಗಲ್ 0.25 ಕೆಲ್ವಿನ್ ಮುಟ್ಟಿದ್ದು ಕ್ಷೇತ್ರ ಇಳಿಸುವ ಇದೇ ಉಪಾಯದಿಂದ.

ಅವತ್ತು ಥರ್ಮಾಮೀಟರ್ 2 ಕೆಲ್ವಿನ್ ಆಸುಪಾಸಿನಲ್ಲಿ ಒದ್ದಾಡಿ ಮತ್ತೆ ಮೇಲಕ್ಕೆ ಹೊರಟಿತು. ಮ್ಯಾಗ್ನೆಟ್‌ನ ಕರೆಂಟ್ ಸರಿಯಾಗಿತ್ತು. ಕೊನೆಗೆ ನಮ್ಮ ಹಿರಿಯ ಟೆಕ್ನಿಷಿಯನ್, "ಸ್ವಿಚ್ ಬಿಟ್ಟಿದೆಯಾ ನೋಡಿದ್ರಾ?" ಅಂದರು.

ನಮ್ಮದು ದವಡೆ ಸ್ವಿಚ್. ಚಿನ್ನದ ಲೇಪದ ಎರಡು ದವಡೆಗಳು ಪಿಲ್‌ನ ತಾಮ್ರದ ಕಡ್ಡಿಯನ್ನು ಕಚ್ಚುತ್ತವೆ, ಹೊರಗಿನ ಮೋಟರ್ ತಿರುಗಿದರೆ ಬಿಡುತ್ತವೆ. ಪಿಲ್ ವಿದ್ಯುತ್ ಹರಿಸದ ಕೆವ್ಲಾರ್ ದಾರದಲ್ಲಿ ತೂಗುತ್ತಿರುವುದರಿಂದ, ದವಡೆ ಬಿಟ್ಟ ಮೇಲೆ ಕಡ್ಡಿಗೂ ಹೊರಮೈಗೂ ವಿದ್ಯುತ್ ಸಂಪರ್ಕ ಇರಬಾರದು. ಮಲ್ಟಿಮೀಟರ್ ಇಟ್ಟರೆ ಬೀಪ್! ಮೋಟರ್ ಪೂರ್ತಿ ತಿರುಗಿದ್ದರೂ ಒಂದು ದವಡೆ ಕಡ್ಡಿಗೆ ಅಂಟಿಕೊಂಡೇ ಇತ್ತು. ಒತ್ತಿ ಹಿಡಿದ ಚಿನ್ನ ಹಾಗೆ ಅಂಟುವುದುಂಟು. ಪಿಲ್ ತಣ್ಣಗಾಗಲು ಒದ್ದಾಡುತ್ತಿದ್ದರೆ ಕೂಲರ್ ಆ ದವಡೆಯಿಂದಲೇ ಬಿಸಿ ತುಂಬುತ್ತಿತ್ತು.

ಬಿಚ್ಚಬೇಕೆಂದರೆ ಇಡೀ ಯಂತ್ರ ಕೋಣೆಯ ಉಷ್ಣತೆಗೆ ಬರಬೇಕು. ಸುಮ್ನೆ ಕಾಯುವುದು. ಆ ಹೊತ್ತಿನಲ್ಲಿ ಬೇರೆ ಸ್ವಿಚ್‌ಗಳ ಚರ್ಚೆ ಎದ್ದಿತು. ಗ್ಯಾಸ್ ಗ್ಯಾಪ್ ಸ್ವಿಚ್‌ನಲ್ಲಿ ಅಲುಗಾಡುವ ಭಾಗವೇ ಇಲ್ಲ. ಇದ್ದಿಲನ್ನು ಬಿಸಿ ಮಾಡಿದರೆ ಹೀಲಿಯಂ-3 ಹೊರಬಂದು ಬಿಸಿ ಸಾಗಿಸುತ್ತದೆ. ತಣಿಸಿದರೆ ಇದ್ದಿಲೇ ಅದನ್ನು ಹೀರಿಕೊಳ್ಳುತ್ತದೆ. ನನಗೆ ಜಾಸ್ತಿ ಇಷ್ಟವಾಗಿದ್ದು ಸೂಪರ್‌ಕಂಡಕ್ಟರ್ ಸ್ವಿಚ್. ವಿದ್ಯುತ್ತನ್ನು ತಡೆಯೇ ಇಲ್ಲದೆ ಹರಿಸುವ ಅಲ್ಯೂಮಿನಿಯಂ, 0.1 ಕೆಲ್ವಿನ್‌ನಲ್ಲಿ ಬಿಸಿಯನ್ನು ಹತ್ತಿರಕ್ಕೂ ಬಿಡುವುದಿಲ್ಲ! ಸೂಪರ್‌ಕಂಡಕ್ಟರ್ ಆದಾಗ ಅದರ ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ, ಜೋಡಿಯಾದವು ಬಿಸಿ ಹೊರುವುದಿಲ್ಲ. ಸುಮಾರು 10 ಮಿಲಿಟೆಸ್ಲಾ ಮೀರಿದ ಕ್ಷೇತ್ರ ಕೊಟ್ಟರೆ ಜೋಡಿ ಮುರಿದು ದಾರಿ ತೆರೆಯುತ್ತದೆ. ಆದರೆ ಅಲ್ಯೂಮಿನಿಯಂ ಸೂಪರ್‌ಕಂಡಕ್ಟರ್ ಆಗುವುದೇ 1.2 ಕೆಲ್ವಿನ್ ಕೆಳಗೆ. 3 ಕೆಲ್ವಿನ್‌ನಲ್ಲಿ ಅದು ಯಾವಾಗಲೂ ತೆರೆದ ದಾರಿಯೇ, ನಮಗೆ ಉಪಯೋಗಕ್ಕೆ ಬಾರದು.

ಹಾಗಾಗಿ ದವಡೆಯನ್ನೇ ಉಳಿಸಿಕೊಂಡೆವು. ಸೋತಿದ್ದ ಸ್ಪ್ರಿಂಗ್ ಬದಲಾಯಿಸಿ, ಮಲ್ಟಿಮೀಟರ್‌ನ ವೈರನ್ನು ಖಾಯಂ ಆಗಿ ಹೊರಗೆ ತಂದೆವು.