ಬ್ಯಾಡ್ಜಿನ ಚಕ್ರ, ಕೈಯ ಗುದ್ದಲಿ

ಹಾಸನದ ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕಕ್ಕೆ ಸೇರಿದಾಗ ನನಗೆ ಸಿಕ್ಕ ಬ್ಯಾಡ್ಜಿನಲ್ಲಿ ಕೊನಾರ್ಕ್ ಸೂರ್ಯ ದೇವಾಲಯದ ರಥಚಕ್ರವಿತ್ತು. ಬೇಲೂರು, ಹಳೇಬೀಡುಗಳ ನೆರೆಯವರಾದ ನಮಗೆ ಒಡಿಶಾದ ಶಿಲ್ಪವೇಕೆ ಎಂದು ತಮಾಷೆ ಮಾಡಿದ್ದೂ ಉಂಟು. ಗಾಂಧಿ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ, ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು.

ಆ ಲೆಕ್ಕವನ್ನು ಡೈರಿಯಲ್ಲಿ ಬರೆದಿಡುವುದು ಬೇಸರದ ಕೆಲಸವೇ ಆಗಿತ್ತು. ಆದರೆ ಹಳ್ಳಿಯೊಂದರಲ್ಲಿ ನಡೆಯುತ್ತಿದ್ದ ಏಳು ದಿನಗಳ ವಿಶೇಷ ಶಿಬಿರದಲ್ಲಿ ನಸುಕಿನ ಧ್ವಜಾರೋಹಣ, ಚರಂಡಿಯ ಹೂಳೆತ್ತುವ ಶ್ರಮದಾನ, ಸಂಜೆ ಶಾಲೆಯ ಜಗಲಿಯ ಮೇಲೆ ನಾಟಕ. ಕೊನೆಯ ರಾತ್ರಿ ಹಿರಿಯ ವಿದ್ಯಾರ್ಥಿಗಳು ತಮ್ಮ ಗುದ್ದಲಿಯನ್ನು ಕಿರಿಯರ ಕೈಗೊಪ್ಪಿಸುವುದು ನಮ್ಮ ಘಟಕದ ರೂಢಿ. ನನಗೆ ಬಂದ ಗುದ್ದಲಿಯ ಕಾವು ಸೀಳಿತ್ತು. ಯಾರೋ ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿದ್ದರು.