ಮೂರು ಕೋಡ್, ಒಂದೇ ತಂತಿ: ಎಕ್ಸ್‌ಕವೇಟರ್ ಸೆನ್ಸರ್ ಗಲಾಟೆ ಕೊನೆಗೂ ಬಗೆಹರಿಯಿತು

ಪಾಂಡವಪುರದ ಕಡೆ ನಾಲೆ ಹೂಳೆತ್ತುತ್ತಿದ್ದ 20 ಟನ್ ಚೈನ್ ಗಾಡಿಯ ಸೆನ್ಸರ್ ತೊಂದರೆ ಮುಗಿಯಿತು. ಒಂದು ಸೆನ್ಸರೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಒಂದು ತಂತಿಯ ಇನ್ಸುಲೇಷನ್, ಅದೂ 4 ಮಿ.ಮೀ. ಉದ್ದ. ಅಷ್ಟಕ್ಕೇ ಮಾಲೀಕರು ಅದಾಗಲೇ ಹೊಸ ರೈಲ್ ಪ್ರೆಷರ್ ಸೆನ್ಸರ್‌ಗೆ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನ ಒತ್ತಡ ಅಳೆಯುವುದು) ದುಡ್ಡು ಸುರಿದಿದ್ದರು.

ಲಕ್ಷಣ ಇಷ್ಟು. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಗಾಡಿ ಚೆನ್ನಾಗಿ ಓಡುತ್ತದೆ. ಕಾದ ಮೇಲೆ, ಬಕೆಟ್ ತುಂಬಿಕೊಂಡು ಸ್ವಿಂಗ್ ಮಾಡುವಾಗ (ಗಾಡಿಯ ಮೇಲ್ಭಾಗ ತಿರುಗಿಸುವಾಗ) ಬಜರ್ ಹೊಡೆದು ಪವರ್ ಇಳಿದುಬಿಡುತ್ತದೆ. ಕೀ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಕೆಲಸಕ್ಕೆ ನಿಲ್ಲುತ್ತದೆ. ಕೋಡ್ ತೆಗೆದರೆ ಎಸ್‌ಪಿಎನ್ (ಯಾವ ಅಳತೆಯಲ್ಲಿ ತೊಂದರೆ ಅನ್ನುವ ಸಂಖ್ಯೆ) 157 ರೈಲ್ ಪ್ರೆಷರ್, 100 ಆಯಿಲ್ ಪ್ರೆಷರ್, 102 ಬೂಸ್ಟ್, ಅಂದರೆ ಟರ್ಬೊ ಗಾಳಿಯ ಒತ್ತಡ. ಮೂರಕ್ಕೂ ಎಫ್‌ಎಂಐ (ತೊಂದರೆ ಯಾವ ಬಗೆಯದು ಅನ್ನುವ ಸಂಖ್ಯೆ) 4, ಅಂದರೆ ಸಿಗ್ನಲ್ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕೆಳಗೆ.

ಮೂರು ಸೆನ್ಸರ್ ಒಂದೇ ಕ್ಷಣಕ್ಕೆ ಸಾಯುವುದು ಎಲ್ಲಾದರೂ ಉಂಟೇ? ಇಂಥ ಕಡೆ ಕೇಳಬೇಕಾದ ಪ್ರಶ್ನೆ ಒಂದೇ, ಈ ಮೂರಕ್ಕೂ ಹಂಚಿಕೆಯಾಗಿರುವುದು ಯಾವುದು? ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಕೊಡುವ 5 ವೋಲ್ಟ್ ಸಪ್ಲೈ ಮತ್ತು ಕರೆಂಟ್ ವಾಪಸ್ ಹೋಗುವ ಸೆನ್ಸರ್ ಗ್ರೌಂಡ್. ಒಂದೇ ತೂಬಿನ ನೀರು ಮೂರು ಗದ್ದೆಗೆ ಹೋಗುತ್ತಿದ್ದರೆ, ಕಾಲುವೆ ಒಡೆದ ದಿನ ಮೂರೂ ಒಣಗುತ್ತವೆ.

ಈ ಎರಡರಲ್ಲಿ ಯಾವುದು ಅನ್ನುವುದನ್ನು ಸ್ಪ್ಯಾನರ್ ಮುಟ್ಟದೆಯೇ ಹೇಳಬಹುದು. ಕೂಲಂಟ್ ಟೆಂಪರೇಚರ್ ಸೆನ್ಸರ್ ಎರಡೇ ತಂತಿಯ ಎನ್‌ಟಿಸಿ, ಅಂದರೆ ಕಾದಷ್ಟೂ ರೆಸಿಸ್ಟೆನ್ಸ್ ಇಳಿಯುವ ಬಗೆಯದು. ಅದು ಹೊರಗಿನ 5 ವೋಲ್ಟ್ ತಂತಿಯ ಮೇಲೆ ನಿಂತಿಲ್ಲ, ಅದರ ಸಿಗ್ನಲ್ ತಂತಿಗೆ ವೋಲ್ಟೇಜ್ ಕೊಡುವ ಪುಲ್‌ಅಪ್ ರೆಸಿಸ್ಟರ್ ಇಸಿಎಂ ಒಳಗೇ ಇದೆ. ಆದರೆ ಗ್ರೌಂಡ್ ಮಾತ್ರ ಈ ಮೂರರ ಜೊತೆ ಹಂಚಿಕೊಂಡಿದೆ. ಗ್ರೌಂಡ್ ಕಡಿದಿದ್ದರೆ ಕೂಲಂಟ್‌ನ ಎಸ್‌ಪಿಎನ್ 110 ಕೂಡ ಎಫ್‌ಎಂಐ 3 (ವೋಲ್ಟೇಜ್ ಇರಬೇಕಾದ್ದಕ್ಕಿಂತ ಮೇಲೆ) ಅಂತ ಕೂಗಬೇಕಿತ್ತು. ಅದು ತೆಪ್ಪಗಿದೆ, ಮೂರು ತಂತಿಯ ಆ ಸೆನ್ಸರ್‌ಗಳು ಮಾತ್ರ 4 ಅನ್ನುತ್ತಿವೆ. ಹಾಗಾದರೆ 5 ವೋಲ್ಟ್ ತಂತಿಯೇ ಕಡಿದಿದೆ ಅಥವಾ ಬಾಡಿಗೆ ತಾಗುತ್ತಿದೆ. ಕೆಲವು ಇಸಿಎಂಗಳು ಇಂಥ ಹೊತ್ತಿನಲ್ಲಿ ಎಸ್‌ಪಿಎನ್ 3509 ಅಂತ ಸಪ್ಲೈಯದ್ದೇ ಕೋಡ್ ಕೊಟ್ಟು ದಾರಿ ತೋರಿಸುತ್ತವೆ. ಇದು ಕೊಡಲಿಲ್ಲ. ಫ್ಯೂಸ್ ನೋಡಿಯೂ ಪ್ರಯೋಜನವಿಲ್ಲ. ಈ 5 ವೋಲ್ಟ್‌ಗೆ ಕರೆಂಟ್ ಮಿತಿ ಇಸಿಎಂ ಒಳಗೇ ಇರುತ್ತದೆ, ಶಾರ್ಟ್ ಬಿಟ್ಟ ಕೂಡಲೇ ಸಪ್ಲೈ ತಾನೇ ವಾಪಸ್ ಬರುತ್ತದೆ. ಅದಕ್ಕೇ ಕೀ ಆಫ್-ಆನ್ ಆಟ.

ಅಳತೆಗೆ ಬಂದರೆ, ಕೀ ಆನ್ ಮಾಡಿ ಇಂಜಿನ್ ಆಫ್ ಇಟ್ಟು, ರೈಲ್ ಸೆನ್ಸರ್ ಕನೆಕ್ಟರ್ ಹಿಂದಿನಿಂದ ಸಣ್ಣ ಪಿನ್ ತೂರಿಸಿ ನೋಡಿದರೆ 5.01 ವೋಲ್ಟ್. ಸೊಗಸಾಗಿದೆ. ಬಹಳ ಜನ ಇಲ್ಲಿಗೇ ನಿಲ್ಲಿಸಿ, ಸಪ್ಲೈ ಸರಿಯಿದೆ, ಸೆನ್ಸರೇ ಹೋಗಿದೆ ಅಂದುಬಿಡುತ್ತಾರೆ. ಮೀಟರನ್ನು ಅತಿ ಕಡಿಮೆ, ಅತಿ ಹೆಚ್ಚು ಅಳತೆ ನೆನಪಿಡುವ ಮಿನ್-ಮ್ಯಾಕ್ಸ್ ಮೋಡ್‌ಗೆ ಹಾಕಿ, ಲೂಮನ್ನು (ತಂತಿಗಳ ಕಟ್ಟನ್ನು) ಅಡಿ ಅಡಿಗೂ ಹಿಡಿದು ಅಲುಗಿಸಬೇಕು. ಅದೂ ಇಂಜಿನ್ ಬಿಸಿ ಇರುವಾಗಲೇ. ತಣ್ಣಗಿದ್ದಾಗ ಇನ್ಸುಲೇಷನ್ ಸೆಟೆದುಕೊಂಡು ತಂತಿಯನ್ನು ದೂರ ಹಿಡಿಯುತ್ತದೆ, ಕಾದಾಗ ಮೆತ್ತಗಾಗಿ ಒತ್ತಿಕೊಳ್ಳುತ್ತದೆ. ಫ್ಯುಯಲ್ ಫಿಲ್ಟರ್ ಬ್ರಾಕೆಟ್ ಹಿಂದೆ ಲೂಮ್ ಒತ್ತಿದಾಗ ಮಿನಿಮಮ್ 0.8ಕ್ಕೆ ಬಿತ್ತು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

ಖಚಿತ ಮಾಡಿಕೊಳ್ಳಲು ಬ್ಯಾಟರಿ ಐಸೊಲೇಟರ್ ಆಫ್ ಮಾಡಿ, ಇಸಿಎಂ ಕನೆಕ್ಟರ್ ಮತ್ತು ಮೂರೂ ಸೆನ್ಸರ್ ಬಿಚ್ಚಿ, 5 ವೋಲ್ಟ್ ತಂತಿಗೂ ಚಾಸಿಗೂ ನಡುವೆ ಓಮ್ ನೋಡಿ. ಸೆನ್ಸರ್ ಸಿಕ್ಕಿಸಿಯೇ ಅಳೆದರೆ ಅದರೊಳಗಿನ ರೆಸಿಸ್ಟೆನ್ಸ್ ಸೇರಿ ದಾರಿ ತಪ್ಪಿಸುತ್ತದೆ. ಸುಮ್ಮನಿದ್ದಾಗ ಓಪನ್, ಒತ್ತಿದಾಗ ಕೆಲವೇ ಓಮ್. ಟೆಸ್ಟ್ ಲ್ಯಾಂಪ್ ಮಾತ್ರ ಈ ತಂತಿಗಳ ಹತ್ತಿರ ತರಬೇಡಿ. ಬಲ್ಬ್ ಎಳೆಯುವ ಕರೆಂಟನ್ನು ಸೆನ್ಸರ್ ಸರ್ಕ್ಯೂಟ್ ತಾಳಿಕೊಳ್ಳುವುದಿಲ್ಲ.

ಬಿಚ್ಚಿ ನೋಡಿದರೆ ಲೂಮ್ ಹಿಡಿದಿಡುವ ಪಿ-ಕ್ಲಿಪ್‌ನ ರಬ್ಬರ್ ಡೀಸೆಲ್ ಕುಡಿದು ಉಬ್ಬಿ, ಹರಿದು ಹೋಗಿದೆ. ಬರೀ ತಗಡಿನ ಅಂಚು ಕಾಂಡ್ಯೂಟ್ (ತಂತಿಗಳ ಹೊರಕೊಳವೆ) ಕೊಯ್ದು ಒಳಗಿನ ತಂತಿಗೆ ಇಳಿದಿದೆ. ತಾಮ್ರ ಅಂಚಿನ ಉದ್ದಕ್ಕೂ ಉಜ್ಜಿ ಹೊಳೆಯುತ್ತಿತ್ತು, ಪಕ್ಕದ ಎಳೆಗಳು ಹಸಿರು ಕಟ್ಟಿದ್ದವು. ಸ್ವಿಂಗ್ ನಿಲ್ಲಿಸುವಾಗ ಇಂಜಿನ್ ಮೌಂಟಿಂಗ್ ಮೇಲೆ ಓಲಾಡುತ್ತದಲ್ಲ, ಆಗ ತಂತಿ ಅಂಚಿಗೆ ತಾಗುತ್ತಿತ್ತು. ಕಬ್ಬಿನ ಗದ್ದೆ ಪಕ್ಕ ರಾತ್ರಿ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ತಂತಿಯೂ ಇದೇ ತರಹ ಕಾಟ ಕೊಡುತ್ತದೆ. ಗುರುತು ಮಾತ್ರ ಬೇರೆ, ಇಲಿಯದ್ದು ಜೋಡಿ ಹಲ್ಲಿನ ಕಚ್ಚು, ಉಜ್ಜಿದ್ದು ನುಣ್ಣಗಿರುತ್ತದೆ.

ರಿಪೇರಿಗೆ ಹಸಿರು ಕಟ್ಟಿದ ಭಾಗವನ್ನು ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ, ಅದೇ ದಪ್ಪದ 125 ಡಿಗ್ರಿ ತಡೆಯುವ ಎಕ್ಸ್‌ಎಲ್‌ಪಿಇ ಆಟೊ ವೈರ್ ತುಂಡು ಸೇರಿಸಿ, ತುದಿಗೆ ತುದಿ ಸೇರಿಸುವ ಬಟ್ ಸ್ಪ್ಲೈಸ್ ಒತ್ತಿ ಕ್ರಿಂಪ್ ಮಾಡಿ, ಬಿಸಿಗೆ ಬಿಗಿಯುವ, ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ಬೆಸುಗೆ ಬೇಡ. ಸೀಸ ಎಳೆಗಳೊಳಗೆ ಹತ್ತಿದ ಜಾಗದ ತುದಿಯಲ್ಲೇ ಅದುರಿಕೆಗೆ ತಂತಿ ಮುರಿಯುತ್ತದೆ. ಮನೆ ವೈರಿಂಗ್‌ನ 70 ಡಿಗ್ರಿ ಪಿವಿಸಿ ಇಂಜಿನ್ ಪಕ್ಕ ಬಾಳುವುದಿಲ್ಲ. ತಂತಿ ತಿರುಚಿ ಟೇಪ್ ಸುತ್ತುವುದಂತೂ ಬೇಡವೇ ಬೇಡ. ಹೊಸ ರಬ್ಬರ್ ಕ್ಲಿಪ್ ಹಾಕಿ, ಇಂಜಿನ್‌ನಿಂದ ಫ್ರೇಮಿಗೆ ದಾಟುವ ಕಡೆ ಲೂಮ್ ಸ್ವಲ್ಪ ಸಡಿಲ ಬಿಟ್ಟಾಯಿತು. ಮೀಟರ್ ಕಟ್ಟಿಕೊಂಡೇ ಲೋಡ್ ಕೊಟ್ಟು ಓಡಿಸಿದಾಗ ಮಿನಿಮಮ್ 4.98 ವೋಲ್ಟ್.

ಇನ್ನು ಮಾಲೀಕರ ತಲೆಗೆ ಕಟ್ಟಿದ ಆ ಹೊಸ ರೈಲ್ ಸೆನ್ಸರ್ ಬಗ್ಗೆ ಹೇಳಲೇಬೇಕು. ಅಂಗಡಿಯವರು ದಾರ ಒಂದೇ, ಕನೆಕ್ಟರ್ ಒಂದೇ, ಹಾಕಿ ನೋಡಿ ಅಂತ ಕೊಟ್ಟದ್ದು 2000 ಬಾರ್‌ನದು. ಗಾಡಿಗೆ ಬೇಕಾದ್ದು 1800 ಬಾರ್‌ನದು. ಎರಡೂ 0.5ರಿಂದ 4.5 ವೋಲ್ಟ್ ಕೊಡುತ್ತವೆ, ಇಸಿಎಂಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಕೋಡೂ ಬರುವುದಿಲ್ಲ. ಆದರೆ ಇಸಿಎಂ 1600 ಬಾರ್ ಬಂತು ಅಂದುಕೊಂಡಾಗ ರೈಲಿನಲ್ಲಿ ನಿಜಕ್ಕೂ 1778 ಬಾರ್ ಇರುತ್ತದೆ. ಇಂಜೆಕ್ಟರ್‌ಗೂ ಪಂಪಿಗೂ ದಿನವಿಡೀ ಈ ಹೆಚ್ಚುವರಿ ಹೊರೆ. ಇಂಥ ವ್ಯಾಪಾರ ನಿಜಕ್ಕೂ ಅನ್ಯಾಯ. ಮೈ ಮೇಲಿನ ಪಾರ್ಟ್ ನಂಬರ್ ಓದದೆ ಯಾರೂ ಕೊಳ್ಳಬೇಡಿ. ಹಳೆಯ ಸೆನ್ಸರನ್ನೇ ವಾಪಸ್ ಹಾಕಿದ್ದಾಯಿತು. ಐಡಲ್‌ನಲ್ಲಿ 350 ಬಾರ್‌ಗೆ ಸುಮಾರು 1.28 ವೋಲ್ಟ್ ಬರಬೇಕು, ಬರುತ್ತಿದೆ. ಇಂಜಿನ್ ಓಡುತ್ತಿರುವಾಗ ರೈಲಿನ ನಟ್ಟಿಗೆ ಕೈ ಹಾಕಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಹೋದರೆ ನೇರ ಆಸ್ಪತ್ರೆಗೇ ಓಡಬೇಕು. ಕನೆಕ್ಟರ್ ಒಂದನ್ನೇ ಕೇಳಿದರೆ ಇಡೀ ಹಾರ್ನೆಸ್ (ವೈರಿಂಗ್ ಕಟ್ಟು) ತಗೊಳ್ಳಿ ಅನ್ನುವ ಅಂಗಡಿಗಳ ಚಾಳಿಯ ಬಗ್ಗೆ ಇನ್ನೊಮ್ಮೆ ಬೈಯುತ್ತೇನೆ.

ಈಗ ಮನಸ್ಸೆಲ್ಲ ಮುಂದಿನ ಕೆಲಸದ ಮೇಲಿದೆ. ಕ್ಯಾಬಿನ್‌ನಲ್ಲೇ ಕೂತು ಜೆ1939 (ಗಾಡಿಯ ಕಂಪ್ಯೂಟರ್‌ಗಳು ಮಾತಾಡುವ ಭಾಷೆ) ಸಂದೇಶ ದಾಖಲಿಸುವ ಪುಟ್ಟ ಲಾಗರ್. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್ ಒಳಗೇ ಕ್ಯಾನ್ (ಆ ಸಂದೇಶ ಸಾಗುವ ಎರಡು ತಂತಿಯ ಜಾಲ) ಕಂಟ್ರೋಲರ್ ಇದೆ, ಅದನ್ನು ತಂತಿಗೆ ಜೋಡಿಸುವ 3.3 ವೋಲ್ಟ್‌ನ ಟ್ರಾನ್ಸಿವರ್ ಒಂದು ಸಾಕು. 24 ವೋಲ್ಟ್ ಇಳಿಸಲು ಬಕ್ ಕನ್ವರ್ಟರ್, ವೇಗ 250 ಕೆಬಿಪಿಎಸ್. 9 ಪಿನ್ ಸಾಕೆಟ್‌ನಲ್ಲಿ ಸಿ ಪಿನ್ ಕ್ಯಾನ್ ಹೈ ತಂತಿ, ಡಿ ಪಿನ್ ಕ್ಯಾನ್ ಲೋ ತಂತಿ. ಆರ್‌ಪಿಎಂ ಪಿಜಿಎನ್ (ಸಂದೇಶದ ಸಂಖ್ಯೆ) 61444ರಲ್ಲಿ, ಆಯಿಲ್ ಪ್ರೆಷರ್ 65263ರಲ್ಲಿ, ಜೀವಂತ ಕೋಡ್‌ಗಳು 65226ರಲ್ಲಿ ಬರುತ್ತವೆ. ಕೋಡ್ ಬಿದ್ದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಯಾವ ಕೋಡ್ ಮೊದಲು ಬಂತು ಅಂತ ಗೊತ್ತಾದರೆ ಇಂಥ ಬಂದು ಹೋಗುವ ತೊಂದರೆಗಳಿಗೆ ಅರ್ಧ ಹುಡುಕಾಟ ತಪ್ಪುತ್ತದೆ. ರೆಡಿಮೇಡ್ ಟ್ರಾನ್ಸಿವರ್ ಬೋರ್ಡ್‌ಗಳ ಮೇಲೆ 120 ಓಮ್ ರೆಸಿಸ್ಟರ್ ಮೊದಲೇ ಕೂತಿರುತ್ತದೆ, ಅದನ್ನು ಕಿತ್ತುಬಿಡಿ. ಗಾಡಿಯ ಬಸ್‌ಗೆ, ಅಂದರೆ ಆ ಕ್ಯಾನ್ ಜೋಡಿ ತಂತಿಗೆ, ಎರಡು ತುದಿಯಲ್ಲೂ ಒಂದೊಂದು ಇದ್ದೇ ಇದೆ. ಕೀ ಆಫ್ ಇದ್ದಾಗ ಸಿ-ಡಿ ನಡುವೆ 60 ಓಮ್ ಇರಬೇಕು, 40 ತೋರಿಸಿದರೆ ನಿಮ್ಮ ಬೋರ್ಡಿನ ರೆಸಿಸ್ಟರ್ ಇನ್ನೂ ಅಲ್ಲೇ ಇದೆ ಅಂತ ಅರ್ಥ.